ಕಾಲು ಸುತ್ತು, ಎರಡು ಬೆರಳು

ಪಂಪಕ್ಕ ಉದ್ದನೆಯ ಕಬ್ಬಿಣದ ಹಿಡಿಯನ್ನು ಎಂಜಿನ್ನಿನ ಮುಂದಿನ ಪುಲ್ಲಿಯ ನಟ್ಟಿಗೆ ಸಿಕ್ಕಿಸಿ, ಎರಡೂ ಕಾಲು ಗಟ್ಟಿಯಾಗಿ ಊರಿ, ಉಸಿರು ಬಿಗಿಹಿಡಿದು ಕೆಳಕ್ಕೆ ಒತ್ತಿದಳು. ಹನ್ನೊಂದು ವರ್ಷ ನಿಂತಲ್ಲೇ ನಿಂತ ಡೀಸೆಲ್ ಎಂಜಿನ್ನು. ಒಳಗೆ ತುಕ್ಕು ಕಚ್ಚಿಕೊಂಡಿದ್ದರೆ ಆನೆ ಕಟ್ಟಿ ಎಳೆದರೂ ತಿರುಗುವುದಿಲ್ಲ.

ತಿರುಗಿತು! ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ತಿರುಗಿತು. ಅವಳು ಹಾಕಿದ ಬಲವೆಲ್ಲ ದಂಡವಾಗಿ ಹಣೆ ಹೋಗಿ ರೇಡಿಯೇಟರಿಗೆ ಬಡಿಯಿತು.

"ಏನಾಯ್ತಮ್ಮಾ?" ಮರದ ದಿಮ್ಮಿಯ ಮೇಲೆ ಉಳುಕಿದ ಕಾಲು ಚಾಚಿ ಕುಳಿತಿದ್ದ ದಫೇದಾರರು ಕೇಳಿದರು.

"ಏನಿಲ್ಲ. ಎಂಜಿನ್ ಫ್ರೀ ಇದೆ."

"ಒಳ್ಳೇದೇ ಆಯ್ತಲ್ಲ. ಅದಕ್ಯಾಕೆ ಹರಳೆಣ್ಣೆ ಕುಡಿದೋರ ಮುಖ ಮಾಡ್ತೀಯ?"

ಒಳ್ಳೆಯದೇ, ನಿಜ. ಆದರೂ ಪಂಪಕ್ಕ ಹಿಡಿಯನ್ನು ಮತ್ತೊಮ್ಮೆ ಅಲ್ಲಾಡಿಸಿ ನೋಡಿದಳು. ಇಷ್ಟು ವರ್ಷ ನಿಂತ ಗಾಡಿ ಇಷ್ಟು ಸುಲಭಕ್ಕೆ ಕೈಗೆ ಬಗ್ಗಬಾರದು.

ಅವಳ ಅಪ್ಪ ಈ ಲಾರಿಯ ಸಮೇತ ಕಾಣೆಯಾದ ಸಂಜೆಯೇ, ಅವನನ್ನು ಕೊಂದವನೆಂದು ಪೊಲೀಸರು ಚಿಕ್ಕಪ್ಪನನ್ನು ಹಿಡಿದಿದ್ದರು; ಚಿಕ್ಕಪ್ಪ ಇವತ್ತಿಗೂ ಕಂಬಿ ಎಣಿಸುತ್ತಿದ್ದಾನೆ. ಅವತ್ತು ಮಧ್ಯಾಹ್ನ ಅಣ್ಣತಮ್ಮ ಟೀ ಅಂಗಡಿಯ ಮುಂದೆ ಕೈ ಕೈ ಮಿಲಾಯಿಸಿದ್ದನ್ನು ಊರೇ ನೋಡಿತ್ತು. ಚಿಕ್ಕಪ್ಪನ ಅಂಗಿಯ ಮೇಲೆ ಅಪ್ಪನ ರಕ್ತವಿತ್ತು. ಹೆಣ ಸಿಗಲಿಲ್ಲ, ಲಾರಿಯೂ ಸಿಗಲಿಲ್ಲ, ಆದರೂ ಶಿಕ್ಷೆಯಾಯಿತು. ಹೋದ ತಿಂಗಳು, ಬಾಗಿಲು ಹಾಕಿದ್ದ ಮರ ಕೊಯ್ಯುವ ಮಿಲ್ಲನ್ನು ಕೆಡವಲು ಬಂದವರು ಹಿಂದಿನ ಶೆಡ್ಡಿನ ಬೀಗ ಒಡೆದರು. ಒಳಗೆ ಈ ಲಾರಿ ನಿಂತಿತ್ತು.

ಸೋಮವಾರ ಚಿಕ್ಕಪ್ಪನ ಮೇಲ್ಮನವಿಯ ವಿಚಾರಣೆ. ಸರ್ಕಾರಿ ವಕೀಲರದ್ದು ಒಂದೇ ವಾದ: ಅಣ್ಣನನ್ನು ಮುಗಿಸಿ, ಗಾಬರಿಯಲ್ಲಿ ಲಾರಿಯನ್ನು ಈ ಶೆಡ್ಡಿಗೆ ನುಗ್ಗಿಸಿ ಓಡಿದ. ಪೊಲೀಸರು ಫೋಟೋ ತೆಗೆದು, ಬೆರಳಚ್ಚು ಹುಡುಕಿ, ಏನೂ ಸಿಗದೆ ಕೈ ತೊಳೆದುಕೊಂಡಿದ್ದರು. ಗಾಡಿಯನ್ನು ಎಬ್ಬಿಸಿ ಕೋರ್ಟಿನ ಅಂಗಳಕ್ಕೆ ತರಲು ಜಡ್ಜ್ ಸಾಹೇಬರು ಮನೆಯವರಿಗೇ ಅಪ್ಪಣೆ ಕೊಟ್ಟಿದ್ದರು, ದಫೇದಾರರ ಕಣ್ಣೆದುರೇ ಮಾಡಬೇಕೆಂಬ ಷರತ್ತಿನ ಮೇಲೆ. ದಫೇದಾರರು ರಿಟೈರ್ ಆಗಿ ಎರಡು ವರ್ಷ. ಅವತ್ತು ಚಿಕ್ಕಪ್ಪನ ಕೈಗೆ ಬೇಡಿ ಹಾಕಿದವರು ಅವರೇ. "ಆ ಕೈ ಇನ್ನೂ ಉರೀತದೆ ಕಣಮ್ಮ" ಎಂದು ತಾವಾಗಿಯೇ ಮುಂದೆ ಬಂದಿದ್ದರು.

ಮೂರು ದಿನದಿಂದ ಕೆಲಸ ನಡೆದಿತ್ತು. ಟ್ಯಾಂಕು ತೊಳೆದು ಹೊಸ ಡೀಸೆಲ್ ಹಾಕಿಯಾಗಿತ್ತು, ಆಯಿಲ್ ಬದಲಾಗಿತ್ತು, ಹೊಸ ಬ್ಯಾಟರಿ ಕೂತಿತ್ತು. ಹಿಂದಿನ ಹಲಗೆ ಗೋಡೆಯಾಚೆ ಒಂದು ಓಣಿ. ಲಾರಿ ಎಬ್ಬಿಸುತ್ತಾರಂತೆ ಎಂಬ ಸುದ್ದಿ ಹಬ್ಬಿ ಅಲ್ಲಿ ದಿನವಿಡೀ ಜನ, ಹಲಗೆಯ ಸಂದಿಗೆ ಕಣ್ಣಿಟ್ಟು ಬಿಟ್ಟಿ ಸಲಹೆ ಕೊಡುವವರು. ಊರ ಬಾಯಿಗೆ ಬೀಗ ಹಾಕುವವರಾರು? ಪಂಪಕ್ಕ ಅದನ್ನು ಕಿವಿಗೆ ಹಾಕಿಕೊಳ್ಳುವ ಪೈಕಿಯಲ್ಲ. ಡೀಸೆಲ್ ಪಂಪಿನ ರಿಪೇರಿಯಲ್ಲಿ ಅವಳನ್ನು ಮೀರಿಸುವವರಿಲ್ಲವೆಂದು ಅದೇ ಊರು ಇಟ್ಟ ಹೆಸರು 'ಪಂಪಕ್ಕ'. ತೊಟ್ಟಿಲಲ್ಲಿ ಇಟ್ಟ ಹೆಸರು ಅವಳ ತಾಯಿಗೂ ಮರೆತ ಹಾಗಿತ್ತು.

"ಇನ್ನೊಂದ್ಸಲ ಹೇಳಮ್ಮ, ಬರ್ಕೋತೀನಿ," ದಫೇದಾರರು ನೋಟ್‌ಬುಕ್ಕು ತೆರೆದರು. "ಇದು ನಿನ್ನ ಚಿಕ್ಕಪ್ಪನ ಕೆಲಸ ಅಲ್ಲ ಅಂತೀಯಲ್ಲ, ಹೇಗೆ?"

"ಚಕ್ರ ನೆಲಕ್ಕೆ ತಾಗಿಲ್ಲ, ನೋಡಿ. ಆಕ್ಸಲ್ ಕೆಳಗೆ ದಪ್ಪ ತೊಲೆ ಇಟ್ಟು ಗಾಡಿನೇ ಎತ್ತಿ ನಿಲ್ಲಿಸಿದ್ದಾರೆ. ರೇಡಿಯೇಟರ್ ನೀರು ಇಳಿಸಿದ್ದಾರೆ. ನಾಜಲ್ ಬಿಚ್ಚಿ ಒಳಗೆ ಆಯಿಲ್ ಬಿಟ್ಟು ಮತ್ತೆ ಕೂರಿಸಿದ್ದಾರೆ. ಸೈಲೆನ್ಸರ್ ಬಾಯಿಗೆ ಎಣ್ಣೆ ಬಟ್ಟೆ ತುರುಕಿ ಕಟ್ಟಿದ್ದಾರೆ. ಗಾಡಿ ವರ್ಷಗಟ್ಟಲೆ ನಿಲ್ಲತ್ತೆ ಅಂತ ಗೊತ್ತಿದ್ದೋರು ಅದನ್ನ ಮಲಗಿಸೋ ರೀತಿ ಇದು. ನುರಿತ ಕೈಗೂ ಒಂದು ಇಡೀ ದಿನ ಬೇಕು. ಚಿಕ್ಕಪ್ಪನ ಕೈಗೆ ನೀವು ಬೇಡಿ ಹಾಕಿದ್ದು ಎಷ್ಟು ಗಂಟೆಗೆ?"

"ಆರಕ್ಕೆ. ಜಗಳ ನಡೆದಿದ್ದು ಎರಡಕ್ಕೆ."

"ನಾಲ್ಕು ಗಂಟೇಲಿ ಇಷ್ಟು ಮಾಡೋಕೆ ಸಾಧ್ಯಾನೇ ಇಲ್ಲ. ಅದೂ ನಮ್ಮ ಚಿಕ್ಕಪ್ಪ! ಬಾನೆಟ್ ಎತ್ತು ಅಂದ್ರೆ, 'ಅದು ಹೆಂಗಸರ ಸಂದೂಕ ಇದ್ದ ಹಾಗೆ ಕಣೇ, ನಾವು ಕೈ ಹಾಕ್ಬಾರ್ದು' ಅನ್ನೋ ಆಸಾಮಿ."

ದಫೇದಾರರು ನಕ್ಕರು, ನಗು ಬೇಗ ಇಳಿಯಿತು. "ಸರಿ, ಅವನಲ್ಲ. ಹಾಗಾದ್ರೆ ಯಾರು? ಕೋರ್ಟಲ್ಲಿ ಕೇಳೋದು ಅದನ್ನೇ. ಇನ್ನೊಂದು ಹೆಸರು ಕೊಡದೇ ಈ ಹೆಸರು ಅಳಿಸೋಕಾಗಲ್ಲಮ್ಮ."

ಪಂಪಕ್ಕನ ಕೈ ಜೇಬಿನತ್ತ ಹೋಗಿ ಹಿಂದೆ ಬಂತು. ಹೆಸರು ನಿನ್ನೆಯಿಂದ ಅವಳ ಜೇಬಿನಲ್ಲೇ ಇತ್ತು.

ಸೈಲೆನ್ಸರಿನ ಬಾಯಿಗೆ ಬಟ್ಟೆ ಕಟ್ಟುವಾಗ ಲೋಕದ ಮೆಕ್ಯಾನಿಕ್ಕುಗಳೆಲ್ಲ ತಂತಿ ಸುತ್ತುತ್ತಾರೆ. ಇದಕ್ಕೆ ಕಟ್ಟಿದ್ದು ಹಳೆಯ ಟ್ಯೂಬಿನಿಂದ ಕತ್ತರಿಸಿದ ರಬ್ಬರಿನ ಪಟ್ಟಿ. ಎಡಕ್ಕೆ ಎರಡು ಸುತ್ತು, ಬಲಕ್ಕೆ ಒಂದು, ಕೊನೆಯ ತುದಿ ಒಳಗೆ ಮಡಚಿ ಸಿಕ್ಕಿಸಿದ್ದು. ನಿನ್ನೆ ಕಣ್ಣು ನೋಡುವ ಮೊದಲೇ ಅವಳ ಬೆರಳು ಆ ಗಂಟನ್ನು ಬಿಚ್ಚಿಬಿಟ್ಟಿತ್ತು. ಯಾಕೆಂದರೆ ಅವಳು ಕಟ್ಟುವುದೂ ಹಾಗೆಯೇ. ಹಾಗೆ ಕಟ್ಟಲು ಕಲಿಸಿದ್ದು ಗ್ಯಾರೇಜಿನ ಮೇಸ್ತ್ರಿ. ಅಪ್ಪ ಹೋದ ಮರುತಿಂಗಳೇ, ಹದಿನೆಂಟರ ಹುಡುಗಿಯನ್ನು ಗ್ಯಾರೇಜಿಗೆ ಕರೆದು, ಕೈಗೆ ಪಾನಾ ಕೊಟ್ಟು, ಒಂದು ಕಸುಬು ಕಲಿಸಿ, ಮನೆಗೆ ದಿಕ್ಕಾದವರು. ಚಿಕ್ಕಪ್ಪನನ್ನು ಬಿಡಿಸಬೇಕೆಂದರೆ ಅವರನ್ನು ಹಿಡಿದುಕೊಡಬೇಕು. ರಾತ್ರಿಯೆಲ್ಲ ಅವಳ ಎದೆಯ ಮೇಲೆ ಒರಳುಕಲ್ಲು ಕೂತ ಹಾಗಿತ್ತು.

ಬೆಳಿಗ್ಗೆ ಅವಳೇ ಮೇಸ್ತ್ರಿಗೆ ಹೇಳಿ ಕಳಿಸಿದ್ದಳು: ಪಂಪಿನಲ್ಲಿ ಗಾಳಿ ಸಿಕ್ಕಿಕೊಂಡಿದೆ, ಬನ್ನಿ ಎಂದು.

ಹತ್ತೂವರೆಗೆ ಮೇಸ್ತ್ರಿ ಬಂದರು. "ಏನೇ ಅದು! ನಿನ್ನ ಕೈಗೂ ಬಗ್ಗದ ಪಂಪು ಹುಟ್ಟಿದ್ಯಾ ಲೋಕದಲ್ಲಿ?" ಎಂದು ಬಾಗಿಲಲ್ಲೇ ಜೋರು ಮಾಡಿ ಒಳಗೆ ಬಂದರು. ಹೊರಗಿನ ಬಿಸಿಲಿನಿಂದ ಬಂದವರಿಗೆ ಶೆಡ್ಡಿನೊಳಗೆ ಬರೀ ಕತ್ತಲು.

ಪಕ್ಕದ ಆ ಚಿಕ್ಕ ಬಾಗಿಲಿಗೂ ಲಾರಿಗೂ ನಡುವೆ ಮರ ಕೊಯ್ಯುವ ಹಳೆಯ ಗುಂಡಿಯೊಂದಿತ್ತು. ಮರದ ಹೊಟ್ಟು ತುಂಬಿ ನೆಲದ ಹಾಗೇ ಕಾಣುತ್ತಿತ್ತು. ಮೊದಲ ದಿನ ಪಂಪಕ್ಕ ಅದರಲ್ಲಿ ಸೊಂಟದವರೆಗೆ ಇಳಿದಿದ್ದಳು, ದಫೇದಾರರ ಕಾಲು ಉಳುಕಿದ್ದೂ ಅಲ್ಲೇ. ಮೇಸ್ತ್ರಿ ಮಾತಾಡುತ್ತಲೇ ಎಡಕ್ಕೆ ಸರಿದು, ಕಂಬಕ್ಕೆ ಕೈಯಾನಿಸಿ, ಹೊಟ್ಟಿನಡಿ ಹುದುಗಿದ್ದ ಒಂಟಿ ಹಲಗೆಯ ಮೇಲೆ ಹೆಜ್ಜೆಯಿಟ್ಟು ದಾಟಿ ಬಂದರು. ಕೆಳಗೆ ನೋಡಲೇ ಇಲ್ಲ.

ದಫೇದಾರರ ಪೆನ್ಸಿಲು ನಿಂತಿತು.

"ಮೇಸ್ತ್ರಿ, ಈ ಶೆಡ್ಡಿಗೆ ನೀವು ಮುಂಚೆ ಬಂದಿದ್ರಾ?" ಪಂಪಕ್ಕ ಕೇಳಿದಳು.

"ನಾನ್ಯಾಕೆ ಬರ್ಲಿ? ಈ ಮಿಲ್ಲಿನ ಮೆಟ್ಟಲೇ ಹತ್ತಿಲ್ಲ ನಾನು."

ಅವಳು ಒಂದು ದಪ್ಪ ನಟ್ಟನ್ನು ಗುಂಡಿಯತ್ತ ಎಸೆದಳು. ಅದು ಸದ್ದಿಲ್ಲದೆ ಹೊಟ್ಟಿನಲ್ಲಿ ಮುಳುಗಿತು. ಮೇಸ್ತ್ರಿ ಅದನ್ನು ನೋಡಿದರು, ತಾವು ದಾಟಿ ಬಂದ ದಾರಿ ನೋಡಿದರು.

"ಈಗಷ್ಟೇ ಬಂದ ನಿಮಗೆ ಹಲಗೆ ಎಲ್ಲಿದೆ ಅಂತ ಯಾರು ಹೇಳಿದ್ರು?" ಎಂದು ಜೇಬಿನಿಂದ ರಬ್ಬರು ಪಟ್ಟಿ ತೆಗೆದು ಬಾನೆಟ್ಟಿನ ಮೇಲಿಟ್ಟಳು. "ಇದನ್ನ ಯಾರು ಕಟ್ಟಿದ್ರು? 'ತಂತಿ ತುಕ್ಕು ಹಿಡಿಯುತ್ತೆ, ಟ್ಯೂಬು ಹಿಡಿಯಲ್ಲ.' ಯಾರ ಮಾತು ಇದು?"

ಮೇಸ್ತ್ರಿ ಆ ಪಟ್ಟಿಯನ್ನು ಮುಟ್ಟಲಿಲ್ಲ. ಕೈಯನ್ನು ವೇಸ್ಟ್ ಬಟ್ಟೆಗೆ ಒರೆಸಿಕೊಂಡರು, ಕೈಯಲ್ಲಿ ಕೊಳೆಯೇ ಇರಲಿಲ್ಲ.

"ಒಂದಲ್ಲ ಒಂದು ದಿನ ನೀನು ಹಿಡೀತೀಯ ಅಂತ ಗೊತ್ತಿತ್ತು," ಎಂದರು. "ನಾನೇ ಕಲಿಸಿದ ಕಣ್ಣಲ್ವಾ."

"ಬೇರೆ ಮಾತು ಬೇಡ. ನಮ್ಮಪ್ಪನ್ನ ಏನು ಮಾಡಿದ್ರಿ?"

"ಅಯ್ಯೋ, ನಾನೇನೇ ಮಾಡ್ಲಿ ಅವನ್ನ! ನಾನು ಅವನ ಮುಖಾನೂ ನೋಡ್ಲಿಲ್ಲ, ನನ್ನಾಣೆ." ಮೇಸ್ತ್ರಿಯ ದನಿ ಒಡೆಯಿತು. "ನಿನ್ನ ಚಿಕ್ಕಪ್ಪನ್ನ ಹಿಡಿದ ಮಾರನೇ ದಿನ ಮಿಲ್ಲಿನ ಯಜಮಾನ ಕರೆಸಿದ. ಬಂದು ನೋಡಿದ್ರೆ ಲಾರಿ. ಎದೆ ಧಸಕ್ ಅಂತು. 'ಇದರ ಒಡೆಯ ಇನ್ನಿಲ್ಲ, ಇದನ್ನ ಮಲಗಿಸಿ ಬಾಯಿ ಮುಚ್ಕೊಂಡು ಹೋಗು. ಬಾಯಿಬಿಟ್ರೆ ಅವನ ಮಗಳೂ ಅವನ ದಾರಿ ಹಿಡೀತಾಳೆ' ಅಂದ."

"ಆ ಯಜಮಾನ ಸತ್ತು ಮೂರು ವರ್ಷ ಆಯ್ತಲ್ಲ ಮೇಸ್ತ್ರಿ? ಆಮೇಲೂ ಬಾಯಿಗೆ ಏನು ಬಂದಿತ್ತು?"

"ಆಮೇಲೆ ಹೇಳಿದ್ರೆ, ಇಷ್ಟು ದಿನ ಯಾಕೆ ಸುಮ್ನಿದ್ದೆ ಅಂತ ನೀನೇ ಕೇಳ್ತಿದ್ದೆ. ಆ ಪ್ರಶ್ನೆಗೇ ಹೆದರಿದೆ ಕಣೇ, ಪೊಲೀಸಿಗಲ್ಲ."

ಪಂಪಕ್ಕನ ಕಣ್ಣು ಉರಿಯಿತು. ಚಿಕ್ಕಪ್ಪನ ನೆನಪಾಯಿತು. ನೋಡಲು ಹೋದಾಗಲೆಲ್ಲ, "ಇಲ್ಲಿ ಎಲ್ಲಾ ನ್ಯೂಟ್ರಲ್ ಕಣೇ, ಒಂದು ಗೇರೂ ಬೀಳಲ್ಲ" ಎಂದು ತಮಾಷೆ ಮಾಡುವವನು. ಹೋದ ಸಲ ಮಾತ್ರ ತಮಾಷೆ ಮಾಡಲಿಲ್ಲ. ಕಣ್ಣಿಗೆ ಪೊರೆ ಬಂದು, ಅವಳ ದನಿ ಬಂದ ಕಡೆಗೆ ಮುಖ ತಿರುಗಿಸಿ ಕುಳಿತಿದ್ದ.

"ನನ್ನನ್ನ ಗ್ಯಾರೇಜಿಗೆ ಕರೆದಿರಲ್ಲ, ಅದು ಕನಿಕರಾನಾ, ಪಾಪ ತೊಳ್ಕೊಳ್ಳೋಕಾ?"

ಮೇಸ್ತ್ರಿ ಬಟ್ಟೆಯನ್ನು ಮಡಚಿ ಬಾನೆಟ್ಟಿನ ಮೇಲಿಟ್ಟರು. "ಮೊದಲನೇ ದಿನ ಪಾಪ ತೊಳ್ಕೊಳ್ಳೋಕೇ. ಎರಡನೇ ದಿನ ನೀನು ಒಂದು ಪಂಪು ಬಿಚ್ಚಿ, ಒಂದು ವಾಷರ್ರೂ ಕಳೀದೆ ಮತ್ತೆ ಕೂರಿಸಿದೆ. ಆಮೇಲಿಂದ ಬೇರೆ ಕಾರಣ ಬೇಕಾಗ್ಲಿಲ್ಲ."

ಅವಳಿಗೆ ಅಳು ಬಂತು, ಅಳಲಿಲ್ಲ. ಇಂಥ ಹೊತ್ತಲ್ಲೂ ಈ ಮುದುಕ ಮೆಚ್ಚುಗೆಯ ಮಾತಾಡುತ್ತಾನಲ್ಲ ಎಂದು ಸಿಟ್ಟೇ ಬಂತು.

"ಸೋಮವಾರ ಇಷ್ಟನ್ನೂ ಕೋರ್ಟಲ್ಲಿ ಹೇಳ್ತೀರಾ?"

"ಹೇಳ್ತೀನಿ. ಒಳಗೆ ಹಾಕಿದ್ರೂ ಹೇಳ್ತೀನಿ."

ದಫೇದಾರರು ನೋಟ್‌ಬುಕ್ಕು ಮಡಚಿ ಎದ್ದರು. "ನಿಮ್ಮ ವಕೀಲರಿಗೆ ಈಗ್ಲೇ ಫೋನ್ ಹಚ್ತೀನಿ. ಈ ತಗಡಿನಡಿ ಸಿಗ್ನಲ್ಲೂ ಇಲ್ಲ, ಏನೂ ಇಲ್ಲ," ಎಂದು ಕುಂಟುತ್ತಾ ಗುಂಡಿಯನ್ನು ಬಳಸಿ ಹೊರಗೆ ಹೋದರು.

ಇಬ್ಬರೇ ಉಳಿದರು. ಮೇಸ್ತ್ರಿ ಏನು ಮಾಡಲೂ ತೋಚದೆ ಎಂಜಿನ್ನಿನ ಕಡೆ ತಿರುಗಿದರು.

"ಟಾರ್ಪಾಲು ಮುಚ್ಚಿ ಹೋಗಿದ್ರೂ ಆ ಯಜಮಾನನಿಗೆ ಏನೂ ಗೊತ್ತಾಗ್ತಿರ್ಲಿಲ್ಲ. ನನಗೇ ಕೈ ಬರ್ಲಿಲ್ಲ. ಇದನ್ನ ನಾನೂ ನಿಮ್ಮಪ್ಪನೂ ಮೂರು ಸಲ ಬಿಚ್ಚಿ ಕಟ್ಟಿದ್ದು." ಪುಲ್ಲಿಗೆ ಸಿಕ್ಕಿಸಿದ್ದ ಹಿಡಿ ಅವರ ಕಣ್ಣಿಗೆ ಬಿತ್ತು. "ಬಿಡಿಸೋಕೆ ಎಷ್ಟು ದಿನ ಹಿಡೀತು? ನಾಜಲ್ ತೆಗೆದು ಡೀಸೆಲ್ ನೆನೆಹಾಕಿದ್ಯಾ?"

"ಇಲ್ಲ. ಒಂದೇ ಸಲಕ್ಕೆ ತಿರುಗ್ತು. ನಿಮ್ಮ ಕೈಗುಣ ಅಂದ್ಕೊಂಡೆ."

"ಒಂದೇ ಸಲಕ್ಕಾ?" ಮೇಸ್ತ್ರಿ ಹಿಡಿ ಹಿಡಿದು ಎರಡು ಬೆರಳಲ್ಲಿ ಅಲ್ಲಾಡಿಸಿದರು. ಪುಲ್ಲಿ ಸುಮ್ಮನೆ ಸರಿಯಿತು. ಅವರ ಮುಖ ಬಿಳಿಚಿತು. "ಇದು ಆಗೋ ಮಾತಲ್ಲ. ನಾನು ಬಿಟ್ಟ ಆಯಿಲ್ಲು ಎರಡು ವರ್ಷ, ಹೆಚ್ಚಂದ್ರೆ ಮೂರು ವರ್ಷ ಕಾಯುತ್ತೆ. ಆಮೇಲೆ ಒಣಗಿ ರಿಂಗು ಕಚ್ಕೊಳ್ಳುತ್ತೆ. ನೀನೂ ಯೋಚನೆ ಮಾಡ್ಲಿಲ್ವಾ?"

ಒಂದು ಕ್ಷಣ ಅನುಮಾನ ಬಂದಿತ್ತು, ಅದನ್ನು ಬೆನ್ನಟ್ಟಿರಲಿಲ್ಲ. ರಬ್ಬರು ಪಟ್ಟಿ ಸಿಕ್ಕಮೇಲೆ ಅವಳ ತಲೆಯಲ್ಲಿ ಬೇರೇನೂ ಓಡಿರಲಿಲ್ಲ.

"ಟಾರ್ಚ್ ಕೊಡು," ಎಂದರು ಮೇಸ್ತ್ರಿ. "ಪುಲ್ಲಿ ಹಿಂದೆ ನೋಡಿದ್ಯಾ?"

ಆ ಮಾತು ಕೇಳಿದ್ದೇ ಪಂಪಕ್ಕ ಟಾರ್ಚ್ ತಂದು ಅವರ ಕೈಗಿತ್ತಳು. ಗಾಡಿಯನ್ನು ಮಲಗಿಸುವವರು ಮಲಗಿಸಿ ಮರೆಯಬಾರದು. ಆಗಾಗ ಬಂದು ಎಂಜಿನ್ನನ್ನು ಕೈಯಿಂದ ಕಾಲು ಸುತ್ತು, ಅದರ ಮೇಲೆ ಎರಡು ಬೆರಳಷ್ಟು ತಿರುಗಿಸಿಡಬೇಕು, ಪ್ರತಿಸಲ ಬೇರೆ ಜಾಗದಲ್ಲಿ ನಿಲ್ಲಲೆಂದು. ಎಲ್ಲಿ ನಿಂತಿತೋ ಅಲ್ಲಿ ಪುಲ್ಲಿಯ ಹಿಂಬದಿಗೆ, ಬೆಲ್ಟು ಉಜ್ಜದ ಕಡೆ, ಬಣ್ಣದ ಒಂದು ಗೆರೆ ಎಳೆಯಬೇಕು. ಇದು ಮೇಸ್ತ್ರಿಯ ಸ್ವಂತ ಪದ್ಧತಿ. ಬೇರೆ ಯಾವ ಗ್ಯಾರೇಜಿನಲ್ಲೂ ಇಲ್ಲ.

ಮೇಸ್ತ್ರಿ ಮಂಡಿಯೂರಿ, ಬಟ್ಟೆಯಿಂದ ಪುಲ್ಲಿಯ ಹಿಂಬದಿಯನ್ನು ಒರೆಸುತ್ತಾ ಹೋದರು. ಪಂಪಕ್ಕ ಹಿಡಿಯಿಂದ ನಿಧಾನಕ್ಕೆ ತಿರುಗಿಸಿದಳು.

"ಈ ಕೆಂಪು ಗೆರೆ ನಂದು. ಅವತ್ತು ಎಳೆದಿದ್ದು. ಆಮೇಲೆ ನಾನು ಇತ್ತ ಕಾಲಿಟ್ಟಿಲ್ಲ."

ಅದರ ಆಚೆ ಬಿಳಿಯ ಗೆರೆ. ಇನ್ನೊಂದು. ಮತ್ತೊಂದು. ಎಲ್ಲವೂ ಕಾಲು ಸುತ್ತಿಗೆ, ಎರಡು ಬೆರಳು ಮುಂದಕ್ಕೆ. ಹಳೆಯವುಗಳ ಮೇಲೆ ಮರದ ಹೊಟ್ಟು ಕೂತು ಗಟ್ಟಿಯಾಗಿತ್ತು. ಇಬ್ಬರೂ ಮನಸ್ಸಿನಲ್ಲೇ ಎಣಿಸಿದರು. ಬಿಳಿಯ ಗೆರೆ ಹನ್ನೊಂದು.

"ನೀವು ಇದನ್ನ ಎಷ್ಟು ಜನಕ್ಕೆ ಹೇಳಿಕೊಟ್ಟಿದ್ದೀರಿ?" ಪಂಪಕ್ಕ ಹಿಡಿ ಬಿಟ್ಟು ಕೇಳಿದಳು.

"ಇಬ್ಬರಿಗೆ," ಎಂದರು ಮೇಸ್ತ್ರಿ. "ಒಬ್ಬಳು ನೀನು."

ಅವಳು ಕೊನೆಯ ಗೆರೆಯ ಮೇಲೆ ಬೆರಳಿಟ್ಟಳು. ತೆಗೆದಾಗ ಬೆರಳ ತುದಿ ಬೆಳ್ಳಗಾಗಿತ್ತು. ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ.

"ಹಿಂದಿನ ಗೋಡೆಯ ಮೂರನೇ ಹಲಗೆ ಅವತ್ತೇ ಸಡಿಲ ಇತ್ತು," ಮೇಸ್ತ್ರಿ ಪಿಸುಗುಟ್ಟಿದರು. "ನುಸುಳೋಕೆ ಒಬ್ಬ ಮನುಷ್ಯನಿಗೆ ಸಾಕು."

ಅಪ್ಪ ಬದುಕಿದ್ದಾನೆ. ಈ ಊರಲ್ಲೇ, ಎರಡು ಮೂರು ದಿನದ ಹಿಂದೆ, ಈ ನೆಲದ ಮೇಲೇ ಮಂಡಿಯೂರಿದ್ದಾನೆ. ಪಂಪಕ್ಕನಿಗೆ ಮೊದಲು ಆದದ್ದು ಸಂತೋಷ, ಸುಳ್ಳು ಯಾಕೆ ಹೇಳಬೇಕು, ಎದೆಯೊಡೆದು ಹೋಗುವಷ್ಟು ಸಂತೋಷ. ಅದರ ಬೆನ್ನಿಗೇ ಸಿಟ್ಟು ಬಂತು. ಎಂಜಿನ್ನಿಗೆ ತುಕ್ಕು ಹಿಡಿಯಬಾರದೆಂದು ವರ್ಷವರ್ಷವೂ ಕಳ್ಳನ ಹಾಗೆ ನುಸುಳಿ ಬಂದವನು, ಒಡಹುಟ್ಟಿದ ತಮ್ಮನನ್ನು ಹನ್ನೊಂದು ವರ್ಷ ಜೈಲಿನಲ್ಲಿ ತುಕ್ಕು ಹಿಡಿಯಲು ಬಿಟ್ಟ. ಹೆಂಡತಿಯನ್ನು ನೋಡಲು ಬರಲಿಲ್ಲ, ಮಗಳನ್ನು ನೋಡಲು ಬರಲಿಲ್ಲ. ಲಾರಿಯನ್ನು ನೋಡಲು ಬಂದ!

"ಯಾಕೆ ಮೇಸ್ತ್ರಿ? ಯಾಕೆ ಹೀಗೆ ಮಾಡಿದ?"

"ನನಗೆ ಗೊತ್ತಿಲ್ಲ ಕಣೇ. ಅವನೇ ಹೇಳ್ಬೇಕು."

ಅವನೇ ಹೇಳಬೇಕಾದರೆ ಅವನು ಸಿಗಬೇಕು. ಪಂಪಕ್ಕ ಹಲಗೆ ಗೋಡೆಯತ್ತ ನೋಡಿದಳು. ಸಂದುಗಳಲ್ಲಿ ಎಂದಿನ ಹಾಗೆ ಜನರ ನೆರಳು. ಇಷ್ಟು ವರ್ಷ ಕಾದ ಎಂಜಿನ್ನು ಇವತ್ತು ಏಳುತ್ತದೆಂದರೆ, ಆ ಮನುಷ್ಯ ಮನೆಯಲ್ಲಿ ಕೂರುವವನಲ್ಲ.

ಎಂಟು ವರ್ಷದವಳಿದ್ದಾಗ ಇದೇ ಸೀಟಿನಲ್ಲಿ ಕೂತು, ಎಂಜಿನ್ ತಣ್ಣಗಿರುವಾಗಲೇ ಎಕ್ಸಲೇಟರ್ ತುಳಿದಿದ್ದಳು. ಮಗಳಿಗೆ ಯಾವತ್ತೂ ಗದರದ ಅಪ್ಪ ಅಂಗಳದ ಆ ತುದಿಯಿಂದ, ಅವನೊಬ್ಬನೇ ಕರೆಯುತ್ತಿದ್ದ ಹೆಸರಿನಲ್ಲಿ, 'ಪಾಪೂ' ಎಂದು ಕೂಗುತ್ತಾ ಓಡಿಬಂದಿದ್ದ. ಆಯಿಲ್ ಮೇಲೇರುವ ಮೊದಲು ಎಂಜಿನ್ನನ್ನು ಅರಚಿಸಿದರೆ ಅವನಿಗೆ ತಡೆಯಲಾಗುತ್ತಿರಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ.

ಅವಳು ಪುಲ್ಲಿಯ ಹಿಡಿ ಕಿತ್ತು ಬದಿಗಿಟ್ಟು ಸರಸರನೆ ಕ್ಯಾಬಿನ್ನು ಹತ್ತಿದಳು.

"ಏನೇ ಮಾಡ್ತೀಯ?" ಮೇಸ್ತ್ರಿಗೆ ಅರ್ಥವಾಯಿತು. "ಬೇಡ ಕಣೇ. ಅವನು ಸಿಕ್ಕಿಬಿದ್ರೆ ಬಿಡ್ತಾರಾ ಅವನನ್ನ? ತಮ್ಮನ ಜಾಗಕ್ಕೆ ಅಣ್ಣ ಹೋಗ್ತಾನೆ ಅಷ್ಟೇ."

"ಚಿಕ್ಕಪ್ಪನ್ನ ಅಲ್ಲೇ ಬಿಡ್ಲಾ ಹಾಗಾದ್ರೆ?"

ಮೇಸ್ತ್ರಿ ಒಂದು ಹೆಜ್ಜೆ ಹಿಂದೆ ಸರಿದರು. ಅಷ್ಟರಲ್ಲಿ ದಫೇದಾರರು ಕುಂಟುತ್ತಾ ಒಳಗೆ ಬಂದರು. "ವಕೀಲರು ಖುಷಿಯಾದ್ರು ಕಣಮ್ಮ. ಅರ್ಧ ಗೆದ್ದ ಹಾಗೆ ಅಂದ್ರು. ಓಹೋ, ಎಬ್ಬಿಸ್ತಿದ್ದೀರಾ?" ಎಂದು ಎಂಜಿನ್ನಿನ ಪಕ್ಕಕ್ಕೇ ಬಂದು ನಿಂತರು.

ಅವಳು ಸೆಲ್ಫ್ ಒತ್ತಿದಳು. ಎಂಜಿನ್ನು ಎರಡು ಸಲ ಮುಲುಕಿತು. ಮೂರನೆಯ ಸಲ ಕೆಮ್ಮಿ, ಕಪ್ಪು ಹೊಗೆ ಕಾರಿ, ಹಿಡಿದುಕೊಂಡಿತು. ತಗಡಿನ ಛಾವಣಿ ಗಡಗಡ ಅದುರಿತು, ಓಣಿಯ ಜನ ಹೋ ಎಂದು ಕೂಗಿದರು. ಮೇಸ್ತ್ರಿ ಕಣ್ಣು ಮುಚ್ಚಿಕೊಂಡರು.

ಪಂಪಕ್ಕ ಎಕ್ಸಲೇಟರನ್ನು ನೆಲದವರೆಗೆ ತುಳಿದಳು.

ತಣ್ಣಗಿನ ಎಂಜಿನ್ನು ಕಿರುಚತೊಡಗಿತು. ತಾನೇ ಮೂರು ದಿನ ಕೂತು ಎಬ್ಬಿಸಿದ ಜೀವವನ್ನು ತಾನೇ ಹಿಂಸಿಸುತ್ತಿದ್ದೇನೆ ಅನ್ನಿಸಿ ಅವಳ ಹಲ್ಲು ಕಚ್ಚಿಕೊಂಡವು. ಆದರೂ ಕಾಲು ತೆಗೆಯಲಿಲ್ಲ. ಒಂದು, ಎರಡು, ಮೂರು, ನಾಲ್ಕು.

ಹಿಂದಿನ ಗೋಡೆಯ ಮೂರನೇ ಹಲಗೆ ಸರಿಯಿತು.

"ಪಾಪೂ! ಕಾಲು ತೆಗಿಯೇ! ಎಣ್ಣೆ ಇನ್ನೂ ಏರಿಲ್ಲ!"

ಅವಳ ಕಾಲು ತಾನಾಗಿಯೇ ಮೇಲೆದ್ದಿತು.

ಎಂಜಿನ್ನು ಉಸಿರಿಳಿಸಿ ನಿಧಾನಕ್ಕೆ ಗುರುಗುಟ್ಟಿತು. ಹಲಗೆ ಮತ್ತೆ ಮುಚ್ಚಿಕೊಂಡಿತ್ತು. ಆಚೆ ಓಣಿಯಲ್ಲಿ ಯಾರದೋ ಕಾಲಿನ ಸದ್ದು ದೂರವಾಗುತ್ತಿತ್ತು. ಮೇಸ್ತ್ರಿ ಕಣ್ಣು ತೆರೆದು ಅವಳನ್ನೇ ನೋಡುತ್ತಿದ್ದರು, ಬೇಡ ಎಂದೂ ಹೇಳದೆ, ಹೇಳು ಎಂದೂ ಹೇಳದೆ.

ದಫೇದಾರರು ಕಿವಿಯಿಂದ ಕೈ ತೆಗೆದು ನೋಟ್‌ಬುಕ್ಕು ತೆರೆದರು. "ಈ ಗದ್ದಲದಲ್ಲಿ ಸರಿಯಾಗಿ ಕೇಳಿಸ್ಲಿಲ್ಲ. ಯಾರೋ ಕೂಗಿದ ಹಾಗಾಯ್ತಲ್ಲ?" ಎಂದು ತಲೆಯೆತ್ತಿ ಕೇಳಿದರು. "ಪಾಪು ಅಂದ್ರೆ ಯಾರಮ್ಮ?"